ಆಶ್ವಾಸನೆಯನ್ನೂ ಒಸಿ ತಕ್ಕಡಿಗೆ ಹಾಕಿ ನೋಡಿ, ಮತದಾರ ಪ್ರಭುಗಳೇ!

ಕಬ್ಬಿನ ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗ ನಮ್ಮ ರೈತ ಕಣ್ಣು ಮಿಟುಕಿಸದೆ ತೂಕ ನೋಡುತ್ತಾನೆ. ಒಂದು ಕ್ವಿಂಟಾಲ್ ಹೆಚ್ಚು ಕಡಿಮೆ ಆಯಿತೋ, ಗಲಾಟೆಯೇ ಸರಿ. ಕೆ.ಆರ್. ಪೇಟೆ ಸಂತೆಯಲ್ಲಿ ಒಂದು ಕೆ.ಜಿ. ಈರುಳ್ಳಿ ಕೊಳ್ಳುವ ಹೆಂಗಸು, ತಟ್ಟೆ ಖಾಲಿ ಇದ್ದಾಗ ತಕ್ಕಡಿ ಸಮ ನಿಂತಿದೆಯಾ ಅಂತ ಮೊದಲು ನೋಡಿಕೊಳ್ಳುತ್ತಾಳೆ. ಅಂಗಡಿಯವರ ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೀಳಬೇಕು. ಬೀಳದಿದ್ದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ದಂಡ ಹಾಕಿ ಹೋಗುತ್ತಾರೆ. ಇಷ್ಟೆಲ್ಲಾ ಹುಷಾರಿರುವ ನಾವು, ಐದು ವರ್ಷಕ್ಕೊಮ್ಮೆ ಬರುವ ಆಶ್ವಾಸನೆಯ ಮೂಟೆಯನ್ನು ಮಾತ್ರ ಬಾಯಿ ಬಿಚ್ಚಿ ಕೂಡ ನೋಡದೆ ಹೊತ್ತು ತರುತ್ತೇವೆ.

ಮುಖ್ಯಮಂತ್ರಿ ಕುರ್ಚಿ ಬೇಕೆಂದು ಬಂದ ಧುರೀಣರು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬೀದಿಗಳಲ್ಲಿ ಏನೇನು ಹೇಳಿ ಹೋದರು, ಅದರಲ್ಲಿ ಎಷ್ಟು ಮನೆಗೆ ಬಂತು, ಬಂದದ್ದಕ್ಕೆ ಬೆಲೆ ತೆತ್ತವರು ಯಾರು? ಇದರ ಲೆಕ್ಕ ಹಾಕಲು ಚುನಾವಣೆ ಘೋಷಣೆ ಆಗುವವರೆಗೂ ಕಾಯಬಾರದು. ಧ್ವನಿವರ್ಧಕದ ಅಬ್ಬರ ಶುರುವಾದ ಮೇಲೆ ಲೆಕ್ಕ ತಲೆಗೆ ಹತ್ತುವುದಿಲ್ಲ. ವಿಧಾನಸಭೆಗೆ ಮುಂದಿನ ಸರದಿ 2028ರಲ್ಲಿ ಬರಬೇಕು. ಅಷ್ಟರಲ್ಲಿ ಹಿಂದಿನ ಎರಡು ಚುನಾವಣೆಯ ಮೂಟೆಗಳನ್ನು ಬಿಚ್ಚಿ ನೋಡೋಣ. ಎರಡೂ ಬೇರೆ ಬೇರೆ ಪಕ್ಷದವು. ಆದ್ದರಿಂದ ಪಕ್ಷಪಾತದ ಮಾತು ಬೇಡ.

24 ಗಂಟೆಯ ಮಾತು

2018ರ ಮೇ 12ರ ಚುನಾವಣೆಗೆ ಮುಂಚೆ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರು ಊರೂರಿನಲ್ಲಿ ಹೇಳಿದ ಮಾತು ಒಂದೇ. ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ರೈತರ ಸಾಲ ಪೂರ್ತಿ ಮನ್ನಾ, ಒಟ್ಟು 53,000 ಕೋಟಿ ರೂಪಾಯಿ. ವಿರೋಧಿಗಳು ನಕ್ಕರು, ಆರ್ಥಿಕ ತಜ್ಞರು ತಲೆ ಚಚ್ಚಿಕೊಂಡರು. ನಮ್ಮ ಜಿಲ್ಲೆ ಮಾತ್ರ ನಂಬಿತು. ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್‌ಗೆ. ಸತತ ಬರ ಕಂಡಿದ್ದ, ಕಬ್ಬಿನ ಬಾಕಿಗಾಗಿ ಕಾರ್ಖಾನೆ ಬಾಗಿಲು ಕಾಯ್ದಿದ್ದ ಜನ ನಂಬದೆ ಇನ್ನೇನು ಮಾಡುತ್ತಾರೆ?

ಆದರೆ ರಾಜ್ಯದ ಲೆಕ್ಕವೇ ಬೇರೆ ಆಯಿತು. ಪಕ್ಷಕ್ಕೆ ಬಂದದ್ದು 37 ಸ್ಥಾನ. ಕಾಂಗ್ರೆಸ್ ಕೈ ಹಿಡಿದು ಮೇ 23ರಂದು ಪ್ರಮಾಣವಚನ ಆಯಿತು. ಗಡಿಯಾರದ 24 ಗಂಟೆ ಕಳೆಯಿತು, ವಾರ ಕಳೆಯಿತು, ತಿಂಗಳೂ ಕಳೆಯಿತು. ನಮಗೆ ಪೂರ್ಣ ಬಹುಮತ ಕೊಡಲಿಲ್ಲವಲ್ಲ ಎಂಬ ಸಮಜಾಯಿಷಿ ಬಂತು. ಕೊನೆಗೆ ಜುಲೈ 5ರ ಬಜೆಟ್‌ನಲ್ಲಿ, ಅಂದರೆ 43ನೇ ದಿನ, 34,000 ಕೋಟಿ ರೂಪಾಯಿಯ ಮನ್ನಾ ಘೋಷಣೆಯಾಯಿತು. ಒಂದು ಕುಟುಂಬಕ್ಕೆ 2 ಲಕ್ಷದ ಮಿತಿ. 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಬೆಳೆ ಸಾಲಕ್ಕೆ ಮಾತ್ರ. ಬೆಳೆ ಸಾಲ ಅಂದಮೇಲೆ ಟ್ರ್ಯಾಕ್ಟರ್ ಸಾಲ ಇಲ್ಲ, ಗಿರವಿ ಅಂಗಡಿಯಲ್ಲಿಟ್ಟ ಹೆಂಡತಿ ಕೊರಳಿನ ಒಡವೆ ಸಾಲವಂತೂ ಇಲ್ಲವೇ ಇಲ್ಲ. ಸಾಲ ತೀರಿಸಿದ್ದ ಪ್ರಾಮಾಣಿಕನಿಗೆ 25,000 ರೂಪಾಯಿ ಅಥವಾ ಅವನು ಕಟ್ಟಿದ ಸಾಲ, ಎರಡರಲ್ಲಿ ಯಾವುದು ಕಡಿಮೆಯೋ ಅದು. "ಕಟ್ಟಿದೋನು ಕೋಡಂಗಿ, ಕಟ್ಟದೋನು ಈರಭದ್ರ ಆಯ್ತಲ್ಲಣ್ಣ" ಎಂದು ಸೊಸೈಟಿ ಜಗಲಿಯ ಮೇಲೆ ಗೊಣಗಾಟ ಎದ್ದದ್ದು ಆಗಲೇ. ಗದ್ದಲದ ನಂತರ ಸಹಕಾರಿ ಸಂಘಗಳ 1 ಲಕ್ಷದವರೆಗಿನ ಚಾಲ್ತಿ ಸಾಲವನ್ನೂ ಸೇರಿಸಿದರು. ಘೋಷಣೆಯ ಮೊತ್ತ 44,700 ಕೋಟಿಗೆ ಏರಿತು.

ಇನ್ನು ಅದೇ ಬಜೆಟ್ಟಿನ ಇನ್ನೊಂದು ತಟ್ಟೆ ನೋಡಿ. ಪೆಟ್ರೋಲ್ ಮೇಲಿನ ತೆರಿಗೆ ಶೇ. 30ರಿಂದ 32ಕ್ಕೆ, ಡೀಸೆಲ್ ಶೇ. 19ರಿಂದ 21ಕ್ಕೆ. ಲೀಟರಿಗೆ ಒಂದು ರೂಪಾಯಿ ಚಿಲ್ಲರೆ ಏರಿತು. ವಿದ್ಯುತ್ ತೆರಿಗೆ ಶೇ. 6ರಿಂದ 9. ಅನ್ನಭಾಗ್ಯದ ಅಕ್ಕಿ 7 ಕೆ.ಜಿ.ಯಿಂದ 5 ಕೆ.ಜಿ.ಗೆ ಇಳಿಯಿತು, ಗಲಾಟೆ ಆದಮೇಲೆ ಮತ್ತೆ 7ಕ್ಕೆ ಹೋಯಿತು. ಅಂದರೆ ರೈತನ ಸಾಲದ ಒಂದು ಪಾಲು ಲಗೇಜ್ ಆಟೋದವನ ಟ್ಯಾಂಕಿನಿಂದ ಬಂತು, ಇನ್ನೊಂದು ಪಾಲು ಅಂಗಡಿಯ ಕರೆಂಟ್ ಬಿಲ್ಲಿನಿಂದ ಬಂತು.

ಹಾಗೆಂದು ಮನ್ನಾ ಸುಳ್ಳು ಅನ್ನುವಂತಿಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಸೊಸೈಟಿಗಳಲ್ಲಿ ಋಣಮುಕ್ತ ಪತ್ರ ಕೈಗೆ ಬಂದವರಿದ್ದಾರೆ. ಆಡಿದ ಮಾತು ಮಾತ್ರ 'ಪೂರ್ತಿ', 'ಎಲ್ಲರಿಗೂ', '24 ಗಂಟೆ' ಎಂದಿತ್ತು. ಬಂದದ್ದು ಮಿತಿಯೊಂದಿಗೆ, ಷರತ್ತಿನೊಂದಿಗೆ, ಕಂತಿನಲ್ಲಿ. ಒಂದು ವರ್ಷದ ನಂತರ 2019ರ ಲೋಕಸಭಾ ಚುನಾವಣೆಯಲ್ಲಿ ಇದೇ ಮಂಡ್ಯದಲ್ಲಿ ಮುಖ್ಯಮಂತ್ರಿಗಳ ಪುತ್ರ ನಿಖಿಲ್ ಅವರು ಪಕ್ಷೇತರ ಅಭ್ಯರ್ಥಿ ಸುಮಲತಾ ಅವರ ಎದುರು 1 ಲಕ್ಷ 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಕಾರಣ ಹಲವು. ಆದರೂ ಸಾಲ ಮನ್ನಾ ಮಾಡಿದ ಸರ್ಕಾರವನ್ನು ಮನ್ನಾ ಪಡೆದ ಜಿಲ್ಲೆಯೇ ಕಾಯಲಿಲ್ಲ ಎನ್ನುವುದು ಗಮನಾರ್ಹ. ಆ ಜುಲೈ 23ರಂದು ಸರ್ಕಾರವೂ ಬಿತ್ತು. ಬೀಳಿಸಿದ ಶಾಸಕರಲ್ಲಿ ನಮ್ಮ ಕೆ.ಆರ್. ಪೇಟೆಯ ನಾರಾಯಣಗೌಡರೂ ಒಬ್ಬರು. ಆಮೇಲೆ ಕುರ್ಚಿ ಹತ್ತಿದವರು ಅದೇ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪನವರು! ಆ ಡಿಸೆಂಬರ್ ಉಪಚುನಾವಣೆಯಲ್ಲಿ ನಾರಾಯಣಗೌಡರು ಬಿಜೆಪಿಯಿಂದ ಗೆದ್ದು, 2023ರಲ್ಲಿ ಸೋತರು.

ಸಹಿ ಹಾಕಿದ ಕಾರ್ಡು

2023ಕ್ಕೆ ಬನ್ನಿ. ಈ ಸಲ ಬಾಯಿಮಾತು ಸಾಲದೆಂದು ಕಾಂಗ್ರೆಸ್‌ನವರು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿಯಿದ್ದ 'ಗ್ಯಾರಂಟಿ ಕಾರ್ಡ್' ಮನೆಮನೆಗೆ ಹಂಚಿದರು. 200 ಯೂನಿಟ್ ಕರೆಂಟ್ ಪುಕ್ಕಟೆ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆ.ಜಿ. ಅಕ್ಕಿ, ಓದಿ ಕೆಲಸವಿಲ್ಲದ ಪದವೀಧರನಿಗೆ 3,000 ಮತ್ತು ಡಿಪ್ಲೊಮಾ ಓದಿದವನಿಗೆ 1,500, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬಿಜೆಪಿಯವರೂ ಹಿಂದೆ ಬೀಳಲಿಲ್ಲ. ಬಡ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಗ್ಯಾಸ್ ಸಿಲಿಂಡರ್ ಎಂದರು. ಅದಕ್ಕೆ ಮುಂಚೆ 2022ರ ಜುಲೈನಲ್ಲಿ ಪ್ರಧಾನಿ ಮೋದಿಯವರೇ ಇಂಥ ಕೊಡುಗೆಗಳನ್ನು 'ರೇವ್ಡಿ' ಹಂಚುವ ಸಂಸ್ಕೃತಿ ಎಂದು ಜರೆದಿದ್ದರು. ಜೆಡಿಎಸ್ 'ಪಂಚರತ್ನ' ರಥ ಹೊರಡಿಸಿತು. ಗ್ರಾಮ ಪಂಚಾಯಿತಿಗೊಂದು 30 ಹಾಸಿಗೆಯ ಆಸ್ಪತ್ರೆ, ಒಳ್ಳೆಯ ಶಾಲೆ, ರೈತನಿಗೆ ಎಕರೆಗೆ 10,000 ರೂಪಾಯಿ.

ಫಲಿತಾಂಶ ಗೊತ್ತೇ ಇದೆ. ಕಾಂಗ್ರೆಸ್‌ಗೆ 135. ನಮ್ಮ ಜಿಲ್ಲೆಯಲ್ಲಿ ಜೆಡಿಎಸ್ ಏಳರಿಂದ ಒಂದಕ್ಕೆ ಇಳಿಯಿತು. ಉಳಿದ ಆ ಒಂದು ಕೆ.ಆರ್. ಪೇಟೆಯ ಎಚ್.ಟಿ. ಮಂಜು. ಶ್ರೀರಂಗಪಟ್ಟಣದಲ್ಲಿ ರಮೇಶ್ ಬಂಡಿಸಿದ್ದೇಗೌಡ, ನಾಗಮಂಗಲದಲ್ಲಿ ಚಲುವರಾಯಸ್ವಾಮಿ ಕಾಂಗ್ರೆಸ್‌ನಿಂದ ಗೆದ್ದರು. ಪಾಂಡವಪುರ ಸೇರಿರುವ ಮೇಲುಕೋಟೆಯಲ್ಲಿ ರೈತ ಮುಖಂಡ ಪುಟ್ಟಣ್ಣಯ್ಯನವರ ಮಗ ದರ್ಶನ್ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು.

ಮಾತು ಉಳಿಯಿತೇ? ನ್ಯಾಯವಾಗಿ ಹೇಳಬೇಕೆಂದರೆ 2018ಕ್ಕಿಂತ ಬೇಗ ಮತ್ತು ಹೆಚ್ಚಾಗಿ ಉಳಿಯಿತು. ಜೂನ್ 11ಕ್ಕೆ 'ಶಕ್ತಿ' ಬಸ್ ಹೊರಟಿತು. ಜುಲೈ ಬಳಕೆಯ ಕರೆಂಟ್ ಬಿಲ್ ಆಗಸ್ಟ್‌ನಲ್ಲಿ ಸೊನ್ನೆ ಬಂತು. ಆಗಸ್ಟ್ 30ರಂದು ಪಕ್ಕದ ಮೈಸೂರಿನಲ್ಲಿ 'ಗೃಹಲಕ್ಷ್ಮಿ' ಶುರುವಾಯಿತು. 'ಯುವನಿಧಿ'ಗೆ ಮಾತ್ರ 2024ರ ಜನವರಿವರೆಗೆ ಕಾಯಬೇಕಾಯಿತು. 2025ರ ಜುಲೈ ಹೊತ್ತಿಗೆ ಶಕ್ತಿ ಬಸ್ಸಿನ ಪ್ರಯಾಣ 500 ಕೋಟಿ ದಾಟಿತೆಂದು ಸರ್ಕಾರ ಸಮಾರಂಭ ಮಾಡಿತು.

ತಕ್ಕಡಿಯ ಮೇಲಿನ ಬೆರಳು

ಆದರೆ ಭಾಷಣಕ್ಕೂ ಸರ್ಕಾರಿ ಆದೇಶಕ್ಕೂ ನಡುವೆ ಒಂದು ಬೆರಳು ತಕ್ಕಡಿಯ ಮೇಲೆ ಕೂರುತ್ತದೆ. ಅದರ ಹೆಸರು ಷರತ್ತು.

200 ಯೂನಿಟ್ ಅಂದರೆ ಎಲ್ಲರಿಗೂ 200 ಅಲ್ಲ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10. ತಿಂಗಳಿಗೆ 60 ಯೂನಿಟ್ ಉರಿಸುತ್ತಿದ್ದ ಮನೆಗೆ 66 ಯೂನಿಟ್ ಪುಕ್ಕಟೆ. ಫ್ರಿಜ್ ತಂದು 120ಕ್ಕೆ ಹೋದರೆ ಹೆಚ್ಚಿನದಕ್ಕೆ ಬಿಲ್ ಬರುತ್ತದೆ. ಮೀಟರ್ ಮನೆಯದಾಗಿರಬೇಕು. ಮುಂದೆ ಅಂಗಡಿ, ಹಿಂದೆ ಮನೆ ಇರುವವರು ಅಂಗಡಿಯ ವಾಣಿಜ್ಯ ಮೀಟರ್ ಬಿಲ್ಲನ್ನು ಪೂರ್ತಿ ಕಟ್ಟಲೇಬೇಕು. 'ಯುವನಿಧಿ' ನಿರುದ್ಯೋಗಿಗಳೆಲ್ಲರಿಗೂ ಅನ್ನಿಸಿತ್ತು. ಶುರುವಾದಾಗ ಅದು 2022-23ರಲ್ಲಿ ಪಾಸಾಗಿ ಆರು ತಿಂಗಳು ಕೆಲಸ ಸಿಗದವರಿಗೆ, ಅದೂ ಹೆಚ್ಚೆಂದರೆ ಎರಡು ವರ್ಷ. ನಾಲ್ಕು ವರ್ಷದ ಹಿಂದೆ ಬಿ.ಎ. ಮುಗಿಸಿ ಬಸ್ ನಿಲ್ದಾಣದಲ್ಲಿ ಕುಳಿತವನು ಲೆಕ್ಕಕ್ಕೆ ಇಲ್ಲ.

ಅಂಗಡಿಯವರು ವಿಶೇಷವಾಗಿ ಗಮನಿಸಬೇಕಾದ್ದು ಗೃಹಲಕ್ಷ್ಮಿ. ಮನೆಯೊಡತಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೂ ಇಲ್ಲ. ದಿನವಿಡೀ ನಿಂತು ತಿಂಗಳಿಗೆ ಹದಿನೈದು ಸಾವಿರ ಉಳಿಸುವ ಚಿಲ್ಲರೆ ದಿನಸಿಯವರು ಜಿಎಸ್‌ಟಿ ನಂಬರ್ ಮಾಡಿಸಿದರೆ ಮನೆಯಾಕೆಯ ವರ್ಷದ 24,000 ಹೋಯಿತು. ಅದೇ ಬೀದಿಯಲ್ಲಿ ಎರಡು ಅಂತಸ್ತು ಬಾಡಿಗೆಗೆ ಕೊಟ್ಟು ತೆರಿಗೆಗೆ ಸಿಗದೆ ಇರುವವರ ಮನೆಗೆ 24,000 ಬರಬಹುದು. ಇದರ ಮೇಲೆ 2025ರ ಜುಲೈನಲ್ಲಿ ಫೋನ್‌ಪೇ, ಗೂಗಲ್‌ಪೇ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರು ಗಾಜಿನ ಮೇಲಿನ ಸ್ಕ್ಯಾನ್ ಕಾಗದ ಕಿತ್ತು 'ನಗದು ಮಾತ್ರ' ಎಂದು ಬರೆದರು. ಗಲಾಟೆಯಾಗಿ, ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ತಣ್ಣಗಾಯಿತು. ಗ್ಯಾರಂಟಿಗೆ ದುಡ್ಡು ಹೊಂದಿಸಲಿಕ್ಕೇ ಈ ನೋಟಿಸ್ ಎಂಬ ಮಾತು ಪೇಟೆಯಲ್ಲಿ ಹಬ್ಬಿತ್ತು. ಅದಕ್ಕೆ ಪುರಾವೆ ಇಲ್ಲ. ಜಿಎಸ್‌ಟಿ ಕಾನೂನು ಮೊದಲಿನಿಂದ ಇದ್ದದ್ದೇ. ಆದರೆ ಒಂದು ಕೈಯಲ್ಲಿ ಕೊಡುವ ಸರ್ಕಾರದ ಇನ್ನೊಂದು ಕೈ ಗಲ್ಲಾಪೆಟ್ಟಿಗೆ ಕಡೆ ನೋಡುತ್ತಿರುತ್ತದೆ ಅನ್ನೋದು ವ್ಯಾಪಾರಿಗಳಿಗೆ ಹೊಸದೇನಲ್ಲ.

ಶಕ್ತಿಯದೂ ಇದೇ ಕಥೆ. ಅದು ಸರ್ಕಾರಿ ಬಸ್ಸಿಗೆ, ಅದರಲ್ಲೂ ಸಾಮಾನ್ಯ ಬಸ್ಸಿಗೆ ಮಾತ್ರ. ರಾಜಹಂಸಕ್ಕಿಲ್ಲ. ಖಾಸಗಿ ಬಸ್ಸೇ ಗತಿಯಾದ ಹಳ್ಳಿಯ ಹೆಂಗಸಿಗೆ ಈ ಗ್ಯಾರಂಟಿ ಕಾರ್ಡ್ ಬರೀ ಕಾಗದ. ಮೊದಲು ಟಿಕೆಟ್ ಇಲ್ಲದ ಬಸ್ ಬೇಡವಮ್ಮ, ಟಿಕೆಟ್ ಕೊಟ್ಟಾದರೂ ಹತ್ತುವ ಬಸ್ ಕೊಡಿಸು ಎಂದು ಕೇಳುವ ಊರುಗಳು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇವೆ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಈಗ ದುಡ್ಡಿನ ವಿಚಾರ. 2024-25ರ ರಾಜ್ಯ ಬಜೆಟ್ 3 ಲಕ್ಷ 71 ಸಾವಿರ ಕೋಟಿ. ಐದು ಗ್ಯಾರಂಟಿಗೆ ಇಟ್ಟದ್ದು ಸುಮಾರು 52,000 ಕೋಟಿ. ಸರ್ಕಾರದ ಖಜಾನೆಯಿಂದ ಹೊರಡುವ ನೂರು ರೂಪಾಯಿಯಲ್ಲಿ 14 ರೂಪಾಯಿ. ಮರುವರ್ಷ ಬಜೆಟ್ 4 ಲಕ್ಷ 9 ಸಾವಿರ ಕೋಟಿಗೆ ಬೆಳೆದಾಗ ಗ್ಯಾರಂಟಿಗೆ ಸುಮಾರು 51,000 ಕೋಟಿ.

2024ರ ಜೂನ್‌ನಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಎರಡೂ ರಾಜ್ಯ ತೆರಿಗೆಯಿಂದಾಗಿ ಲೀಟರಿಗೆ ಸುಮಾರು 3 ರೂಪಾಯಿ ಏರಿದವು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ 2 ರೂಪಾಯಿ. ಅದೇ ವರ್ಷ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ. 15 ಹೆಚ್ಚಾಯಿತು. 2020ರ ನಂತರ ಏರಿಸಿರಲಿಲ್ಲ, ಡೀಸೆಲ್ಲೂ ಸಂಬಳವೂ ಹೆಚ್ಚಾಗಿದೆ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಆದರೆ ಏರಿದ ದರ ಕಟ್ಟುವವರು ಗಂಡಸರು ಮಾತ್ರ.

ಒಂದು ಮನೆಯ ಲೆಕ್ಕ ಹಾಕಿ. ಮೊದಲು 30 ರೂಪಾಯಿ ಇದ್ದ ಟಿಕೆಟ್ ಅಂತ ಇಟ್ಟುಕೊಳ್ಳಿ. ಶೇ. 15 ಅಂದರೆ ನಾಲ್ಕೂವರೆ ರೂಪಾಯಿ. ಹೋಗಿ ಬರಲು 9, ತಿಂಗಳಿಗೆ 25 ದಿನ ಓಡಾಡಿದರೆ ಗಂಡನ ಜೇಬಿಗೆ 225 ರೂಪಾಯಿ ಹೊರೆ. ಅದೇ ದಾರಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಡತಿಗೆ ಹಳೇ ದರದಲ್ಲೇ 1,500 ಉಳಿಯಿತು. ಅವಳ ಖಾತೆಗೆ 2,000 ಬಂದರೆ ಮನೆ ಲಾಭದಲ್ಲಿದೆ. ಹೆಂಡತಿ ಮನೆಯಲ್ಲೇ ಇದ್ದು, ಜಿಎಸ್‌ಟಿ ಕಾರಣಕ್ಕೆ ಗೃಹಲಕ್ಷ್ಮಿಯೂ ಇಲ್ಲದೆ, ಗಂಡ ದಿನಾ ಲಗೇಜ್ ಗಾಡಿಯಲ್ಲಿ ಮೈಸೂರಿನಿಂದ ಸಾಮಾನು ತರುವ ಅಂಗಡಿ ಮನೆಯಾದರೆ? ಆ ಮನೆ ಕೊಡುವ ಕಡೆ ಇದೆ, ಪಡೆಯುವ ಕಡೆ ಇಲ್ಲ. ಅದಕ್ಕೂ ಒಂದು ಉತ್ತರ ಉಂಟು. ಆ 2,000 ರೂಪಾಯಿ ಬಂದ ವಾರ ಬೇಳೆ, ಎಣ್ಣೆ, ಮಕ್ಕಳ ಬಟ್ಟೆ ಎಂದು ಇದೇ ಅಂಗಡಿಗಳ ಗಲ್ಲಾಕ್ಕೆ ಬಂದು ಬೀಳುತ್ತದೆ. ಹೆಂಗಸರಿಗೆ ಬಸ್ ಪುಕ್ಕಟೆಯಾದ ಮೇಲೆ ಗಂಜಾಂ ನಿಮಿಷಾಂಬ ದೇವಸ್ಥಾನದ ಮುಂದೆ, ಮೇಲುಕೋಟೆಯಲ್ಲಿ, ಚುಂಚನಗಿರಿಯಲ್ಲಿ ಹೂವು, ಕಾಯಿ, ಪುಳಿಯೋಗರೆ ಮಾರುವವರನ್ನು ಕೇಳಿದರೆ ಗೊತ್ತಾಗುತ್ತದೆ. ಆದ್ದರಿಂದ 'ಪುಕ್ಕಟೆ ಹಂಚಿ ದೇಶ ಹಾಳು' ಅನ್ನುವವರ ಮಾತೂ ಪೂರ್ತಿ ಅಲ್ಲ, 'ಯಾರಿಗೂ ಹೊರೆಯಿಲ್ಲ' ಅನ್ನುವವರ ಮಾತೂ ಪೂರ್ತಿ ಅಲ್ಲ.

ಕಂತು ತಡವಾಗುವ ರೋಗವೂ ಇದೆ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಗೃಹಲಕ್ಷ್ಮಿ ಬಾಕಿ ಕಂತಿನ ವಿಚಾರಕ್ಕೆ ದೊಡ್ಡ ಗದ್ದಲವೇ ಆಯಿತು. ಅದಕ್ಕೂ ಒಂದು ವರ್ಷ ಹಿಂದೆ, 2024ರ ಅಕ್ಟೋಬರ್ ಕೊನೆಯಲ್ಲಿ, ಕಾಂಗ್ರೆಸ್ ಅಧ್ಯಕ್ಷ ಖರ್ಗೆಯವರೇ ಬಜೆಟ್ ನೋಡಿಕೊಂಡು ಭರವಸೆ ಕೊಡಿ ಎಂದು ತಮ್ಮ ಪಕ್ಷದವರಿಗೆ ಬಹಿರಂಗವಾಗಿ ಬುದ್ಧಿ ಹೇಳಿದ್ದರು. ಎದುರು ಪಕ್ಷದವರು ಹೇಳಿದ್ದರೆ ರಾಜಕೀಯ ಅನ್ನಬಹುದಿತ್ತು. ಮನೆಯ ಯಜಮಾನರೇ ಹೇಳಿದರೆ?

ಎರಡು ಲಕ್ಷದ ಮದುವೆ

2023ರ ಎಲ್ಲ ಆಶ್ವಾಸನೆಗಳಲ್ಲಿ ಅತಿ ಹೆಚ್ಚು ನಗೆಗೂ ಚರ್ಚೆಗೂ ಗುರಿಯಾದದ್ದು ಇನ್ನೊಂದು. ರೈತನ ಮಗನನ್ನು ಮದುವೆಯಾಗುವ ಹೆಣ್ಣಿಗೆ 2 ಲಕ್ಷ ರೂಪಾಯಿ ಕೊಡುತ್ತೇನೆಂದು ಕುಮಾರಸ್ವಾಮಿಯವರು ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಹೇಳಿದ್ದು. ಬೆಂಗಳೂರಿನ ಪತ್ರಿಕೆಗಳಿಗೆ ಅದು ತಮಾಷೆ. ನಮಗೆ ತಮಾಷೆಯಲ್ಲ. ಆ ಫೆಬ್ರವರಿಯಲ್ಲಷ್ಟೇ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಮೂರು ಎಕರೆ ಗದ್ದೆ, ಸ್ವಂತ ಮನೆ, ಮೂವತ್ತೈದು ವಯಸ್ಸು, ಹೆಣ್ಣಿಲ್ಲ. ಇಂಥ ಹುಡುಗ ಇಲ್ಲದ ಬೀದಿ ನಮ್ಮ ಹಳ್ಳಿಗಳಲ್ಲಿ ಯಾವುದಿದೆ?

ನೋವು ನಿಜ. ಮದ್ದು ಸರಿಯೇ? ಹೆಣ್ಣು ಹೆತ್ತವರು ರೈತನನ್ನು ಬೇಡ ಅನ್ನುವುದು ಮದುವೆ ದಿನದ ಎರಡು ಲಕ್ಷಕ್ಕಲ್ಲ. ಮದುವೆ ಮಾರನೇ ದಿನದಿಂದ ಮೂವತ್ತು ವರ್ಷದ ಬದುಕಿಗೆ ಹೆದರಿ. ಕಬ್ಬಿನ ದುಡ್ಡು ಯಾವಾಗ ಬರುತ್ತೆ, ನಾಲೆ ನೀರು ಈ ಸಲ ಬಿಡ್ತಾರಾ, ನಾಗಮಂಗಲದ ಕಡೆ ಬೋರಲ್ಲಿ ನೀರು ಇದೆಯಾ ಅನ್ನೋ ಪ್ರಶ್ನೆಗಳಿಗೆ ಉತ್ತರ ಕೊಡದೆ ಹುಡುಗಿಗೆ ಚೆಕ್ ಕೊಟ್ಟರೆ ಏನು ಬಂತು? ಇನ್ನೊಂದು ಕಹಿ ಮಾತೂ ಇದೆ. ಅದೇ ವರ್ಷದ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 2024ರ ಮೇನಲ್ಲಿ ಪಾಂಡವಪುರದಲ್ಲೇ, ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ವಸತಿಗೃಹದಲ್ಲಿ ಇಂಥದೇ ಪ್ರಕರಣ ಸಿಕ್ಕಿಬಿತ್ತು. ಹುಟ್ಟುವ ಮುಂಚೆಯೇ ಹೆಣ್ಣನ್ನು ಬೇಡವೆಂದ ಜಿಲ್ಲೆಗೆ ಸೊಸೆ ತರಲು ಖಜಾನೆಯ ದುಡ್ಡೇ? ಈ ಪ್ರಶ್ನೆಯನ್ನು ಯಾವ ಪಕ್ಷದ ರಥದ ಮೇಲಿಂದಲೂ ಯಾರೂ ಜೋರಾಗಿ ಕೇಳಲಿಲ್ಲ. ಕೇಳಿದರೆ ಮತ ಬರುವುದಿಲ್ಲ.

ತನ್ನ ಕೈಯಲ್ಲಿಲ್ಲದ ಮಾತು

ಇನ್ನೊಂದು ಬಗೆಯ ಆಶ್ವಾಸನೆ ಇದೆ. ಕೊಡುವ ಮನಸ್ಸಿದ್ದರೂ ಕೊಡುವ ಅಧಿಕಾರ ಅವರದಲ್ಲ. 10 ಕೆ.ಜಿ. ಅಕ್ಕಿಯನ್ನೇ ನೋಡಿ. ದುಡ್ಡು ಕೊಟ್ಟು ಕೇಂದ್ರದ ಆಹಾರ ನಿಗಮದಿಂದ ಕೊಳ್ಳುವ ಲೆಕ್ಕಾಚಾರವಿತ್ತು. 2023ರ ಜೂನ್‌ನಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಆದ್ದರಿಂದ 5 ಕೆ.ಜಿ. ಅಕ್ಕಿ, ಉಳಿದ 5 ಕೆ.ಜಿ.ಗೆ ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ ಬಂತು. 2025ರ ಫೆಬ್ರವರಿಯಿಂದಷ್ಟೇ ಹಣದ ಬದಲು ಅಕ್ಕಿ ಕೊಡಲು ಶುರುವಾಯಿತು. 34 ರೂಪಾಯಿಗೆ ಪೇಟೆಯಲ್ಲಿ ಎಂಥ ಅಕ್ಕಿ ಸಿಗುತ್ತದೆ ಎಂದು ದಿನಸಿ ಅಂಗಡಿಯವರಿಗೆ ನಾವು ಹೇಳಬೇಕಿಲ್ಲ.

ಮೇಕೆದಾಟು ಇನ್ನೊಂದು. 2022ರ ಜನವರಿಯಲ್ಲಿ ಕಾಂಗ್ರೆಸ್‌ನವರು ಅದಕ್ಕಾಗಿ ಪಾದಯಾತ್ರೆ ಹೊರಟರು. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಜತೆ ಸೇರಿ ಮಂಡ್ಯದಿಂದ ನಿಂತ ಕುಮಾರಸ್ವಾಮಿಯವರೂ ಅದರ ಮಾತಾಡಿದರು, ಗೆದ್ದು ಕೇಂದ್ರ ಸಚಿವರಾದರು. ಕೇಂದ್ರದ ಜಲ ಆಯೋಗ, ತಮಿಳುನಾಡು, ಸುಪ್ರೀಂ ಕೋರ್ಟ್, ಇಷ್ಟೂ ಬಾಗಿಲು ದಾಟಬೇಕಾದ ಯೋಜನೆಯನ್ನು ಒಬ್ಬ ಅಭ್ಯರ್ಥಿ ಜೇಬಿನಿಂದ ತೆಗೆದು ಕೊಡುವವನಂತೆ ಮಾತಾಡಿದರೆ, ಅದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದಂತೆ.

ಆ ಚುನಾವಣೆಯಲ್ಲೇ ಕುಮಾರಸ್ವಾಮಿಯವರು ಗ್ಯಾರಂಟಿಗಳಿಂದ ಹಳ್ಳಿಯ ಹೆಣ್ಣುಮಕ್ಕಳು ದಾರಿ ತಪ್ಪುತ್ತಿದ್ದಾರೆ ಎಂಬರ್ಥದ ಮಾತಾಡಿ, ರಾಜ್ಯವೆಲ್ಲ ಗುಲ್ಲೆದ್ದ ಮೇಲೆ ವಿಷಾದ ಹೇಳಿದರು. ಎದುರಾಳಿಯ ಯೋಜನೆ ಟೀಕಿಸಬಹುದು. ಪಡೆದವರನ್ನು ಹೀಯಾಳಿಸಿದರೆ ಜನ ಒಪ್ಪುವುದಿಲ್ಲ.

ಮುದ್ರೆ ಹಾಕುವವರು ಯಾರು?

ಅಂಗಡಿಯ ತಕ್ಕಡಿಗೆ ಇಲಾಖೆ ಇದೆ. ಆಶ್ವಾಸನೆಗೆ ಇಲ್ಲವೇ? 2013ರ ಜುಲೈನಲ್ಲಿ ತಮಿಳುನಾಡಿನ ಟಿ.ವಿ., ಮಿಕ್ಸಿ ಹಂಚಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪ್ರಣಾಳಿಕೆಯ ಭರವಸೆ ಚುನಾವಣಾ ಭ್ರಷ್ಟಾಚಾರ ಆಗುವುದಿಲ್ಲ ಎಂದಿತು. ಜತೆಗೆ ಪ್ರಣಾಳಿಕೆಗೆ ನಿಯಮ ರೂಪಿಸಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಹಣ ಎಲ್ಲಿಂದ ತರುತ್ತೀರಿ ಎಂದು ಸ್ಥೂಲವಾಗಿ ತಿಳಿಸಬೇಕೆಂಬ ಮಾತು ಮಾದರಿ ನೀತಿಸಂಹಿತೆಗೆ ಸೇರಿತು. 2022ರ ಅಕ್ಟೋಬರ್‌ನಲ್ಲಿ ಆಯೋಗ, ವೆಚ್ಚ ಎಷ್ಟು, ಯಾರಿಗೆ, ಮೂಲ ಯಾವುದು ಎಂದು ಪಕ್ಷಗಳು ಭರ್ತಿ ಮಾಡುವ ನಮೂನೆಯನ್ನೇ ಮುಂದಿಟ್ಟು ಅಭಿಪ್ರಾಯ ಕೇಳಿತು. ನಮ್ಮ ರಾಜ್ಯದ ಐದು ಗ್ಯಾರಂಟಿ ವಿರುದ್ಧ ಹೋದ ಅರ್ಜಿಯನ್ನೂ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಒಟ್ಟಿನಲ್ಲಿ ಮುದ್ರೆ ಹಾಕುವ ಇನ್‌ಸ್ಪೆಕ್ಟರ್ ಬೇರೆ ಯಾರೂ ಬರುವುದಿಲ್ಲ. ನಾವೇ ಆಗಬೇಕು.

ಯಾರೂ ಆಡದ ಮಾತು

ಕೊನೆಗೆ ಒಂದು ವಿಚಾರ. ಆಡಿದ ಮಾತಿನ ಜತೆ ಆಡದೆ ಬಿಟ್ಟ ಮಾತನ್ನೂ ತೂಗಬೇಕು.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಮಂಡ್ಯದ ಕಡೆ ಹೊರಟಿದ್ದ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡದ್ದರಿಂದ ಜಿಲ್ಲೆಗೆ ಆ ದಿನ ಮರೆಯುವಂತಿಲ್ಲ. ನಾಲೆ ಏರಿಗೆ ತಡೆಗೋಡೆ ಇರಲಿಲ್ಲ. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ತಡೆಗೋಡೆಯ ಮಾತೂ ಬಂತು. ಐದು ವರ್ಷ ಕಳೆದು, 2023ರ ನವೆಂಬರ್ 7ರಂದು ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ಆ ಐದು ವರ್ಷದ ನಡುವೆ ಎರಡು ದೊಡ್ಡ ಚುನಾವಣೆ ನಡೆದು ಹೋದವು. ಸಾಲ ಮನ್ನಾ ಬಂತು, ಗ್ಯಾರಂಟಿ ಬಂತು. ನಾಲೆ ಏರಿಯ ಉದ್ದಕ್ಕೂ ಗೋಡೆ ಕಟ್ಟುವ ಗ್ಯಾರಂಟಿ ಯಾರ ಕಾರ್ಡಿನಲ್ಲಿತ್ತು?

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯೂ ಹಾಗೆಯೇ. ಬಾಗಿಲು ಮುಚ್ಚಿದ್ದ ಅದನ್ನು ತೆರೆಸುತ್ತೇವೆ ಅನ್ನದ ಪಕ್ಷವಿಲ್ಲ. ಕೊನೆಗೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿಯವರ ಕಂಪನಿಗೆ ಹೋಗಿ ಚಿಮಣಿಯಲ್ಲಿ ಹೊಗೆಯೆದ್ದಿತು. ಕಾರ್ಖಾನೆ ತೆರೆಯಿತು, ಸರಿ. ಷೇರುದಾರ ರೈತನದಾಗಿದ್ದ ಕಾರ್ಖಾನೆಯನ್ನು ಹೀಗೆ ತೆರೆಯುತ್ತೇವೆ ಎಂದು ಯಾವ ಪ್ರಣಾಳಿಕೆ ಮುಂಚಿತವಾಗಿ ಹೇಳಿತ್ತು?

ಆದ್ದರಿಂದ ಮತದಾರ ಪ್ರಭುಗಳೇ, ಮುಂದಿನ ಸಲ ಯಾವ ಬಣ್ಣದ ಬಾವುಟದವರೇ ಅಂಗಡಿ ಮುಂದೆ ಬಂದು ಕೈಮುಗಿಯಲಿ, ಬಸ್ ನಿಲ್ದಾಣದಲ್ಲಿ ಕರಪತ್ರ ಕೊಡಲಿ, ಮರ್ಯಾದೆಯಿಂದಲೇ ನಾಲ್ಕು ಮಾತು ಕೇಳಿ. ಯಾರಿಗೆ ಕೊಡುತ್ತೀರಿ, ಯಾರನ್ನು ಬಿಡುತ್ತೀರಿ? ಯಾವ ತಾರೀಕಿಗೆ ಕೊಡುತ್ತೀರಿ? ದುಡ್ಡು ಯಾರ ಜೇಬಿನಿಂದ ಬರುತ್ತದೆ? ಕೊಡುವ ಅಧಿಕಾರ ನಿಮ್ಮ ಕೈಯಲ್ಲಿದೆಯೋ, ಇಲ್ಲ ದಿಲ್ಲಿಯವರ ಕೈಯಲ್ಲೋ, ಕೈಹಿಡಿಯುವ ಇನ್ನೊಂದು ಪಕ್ಷದವರ ಕೈಯಲ್ಲೋ? ಉತ್ತರ ಸಿಕ್ಕರೆ ಕರಪತ್ರದ ಹಿಂದೆಯೇ ಬರೆದು, ತಾರೀಕು ಹಾಕಿ, ಉದ್ರಿ ಪುಸ್ತಕದ ಜತೆ ಇಟ್ಟುಕೊಳ್ಳಿ. ಹತ್ತು ರೂಪಾಯಿ ಬೀಡಿ ಸಾಲವನ್ನೇ ಬರೆದಿಟ್ಟು ವಸೂಲು ಮಾಡುವವರು ನಾವು. ಸಾವಿರಾರು ಕೋಟಿಯ ಮಾತನ್ನು ಬರೆದಿಟ್ಟುಕೊಳ್ಳದಿದ್ದರೆ ತಪ್ಪು ಪುಢಾರಿಯದೊಂದೇ ಅಲ್ಲ.

ಉತ್ತರ ಸಿಗದಿದ್ದರೆ? ಖಾಲಿ ತಕ್ಕಡಿ ಯಾವ ಕಡೆ ವಾಲಿದೆ ಎಂದು ಆಗಲೇ ಗೊತ್ತಾಯಿತಲ್ಲ.